ಕ್ಯಾಮೆರಾ ಕೊಳ್ಳುವ ಮುಂಚೆ ನಿಮ್ಮ ಕೆಟ್ಟ ಫೋಟೋಗಳನ್ನು ನೋಡಿ

ಪುಣೆ, ಹೈದರಾಬಾದ್, ದೆಹಲಿ, ಎಲ್ಲಿಂದ ಬಂದರೂ ಪ್ರಶ್ನೆ ಒಂದೇ: "ಸರ್, 60 ಸಾವಿರ ಕೂಡಿಟ್ಟಿದ್ದೀನಿ, ಯಾವ ಕ್ಯಾಮೆರಾ ತಗೊಳ್ಳಲಿ?" ನಾನು ತಿರುಗಿ ಕೇಳೋದೂ ಒಂದೇ: ಯಾವ ಫೋಟೋ ನಿಮ್ಮ ಕೈ ತಪ್ಪಿತು?

ಫೋನ್ ತೆಗೆದು ಕಳೆದ ಒಂದು ವರ್ಷದ ಫೋಟೋಗಳನ್ನು ನೋಡಿ. ಚೆನ್ನಾಗಿ ಬಂದಿರೋದನ್ನ ಬಿಡಿ, ಅದಕ್ಕೆ ಫೋನೇ ಸಾಕು. ತುಂಬಾ ಬೇಕಾಗಿದ್ದು ಕೆಟ್ಟುಹೋದ ಹತ್ತು ಫೋಟೋ ಆರಿಸಿ. ಒಂದೊಂದಕ್ಕೂ ಯಾಕೆ ಕೆಟ್ಟಿತು ಅಂತ ಒಂದೇ ಪದ ಬರೀರಿ: ಕತ್ತಲು, ಅಲುಗಾಟ, ದೂರ, ಫೋಕಸ್. ಹೆಚ್ಚು ಸಲ ಬಂದ ಪದ ಯಾವುದೋ, ನೀವು ದುಡ್ಡು ಹಾಕಬೇಕಾದ್ದು ಅಲ್ಲಿ.

ಒಂದು ಉದಾಹರಣೆ ತಗೊಳ್ಳೋಣ. ಮುಂಬೈ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಮಗಳ ಭರತನಾಟ್ಯ ಅಂತಿಟ್ಕೊಳ್ಳಿ. ನೀವು ವೇದಿಕೆಯಿಂದ ಸುಮಾರು 12 ಮೀಟರ್ ದೂರ ಕೂತಿದ್ದೀರಿ. ಬೆಳಕು ಕಮ್ಮಿ, ಮಗು ಕುಣೀತಾ ಇದೆ, ಫ್ಲ್ಯಾಶ್ ಹಾಕೋ ಹಾಗಿಲ್ಲ. ಹಾಕಿದರೂ ಅಷ್ಟು ದೂರಕ್ಕೆ ಚಿಕ್ಕ ಫ್ಲ್ಯಾಶ್ ಬೆಳಕು ಸರಿಯಾಗಿ ತಲುಪಲ್ಲ. ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್ ಸಾಮಾನ್ಯವಾಗಿ ಎಫ್ 5.6. ಅದೇ ಜಾಗಕ್ಕೆ ಎಫ್ 1.8ರ ಲೆನ್ಸ್ ಹಾಕಿ, ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. ಅಂದರೆ ಸೆಕೆಂಡಿನ 25ನೇ ಒಂದು ಭಾಗದಲ್ಲಿ ಕೈಯೆಲ್ಲ ಹೊಗೆ ಥರ ಬರ್ತಿದ್ದ ಫೋಟೋವನ್ನ 250ನೇ ಒಂದು ಭಾಗದಲ್ಲಿ ತೆಗೀಬಹುದು. ಮುದ್ರೆ ನಿಲ್ಲುತ್ತೆ, ಕಣ್ಣು ಕಾಣುತ್ತೆ.

ಇನ್ನು ದೂರದ ಲೆಕ್ಕ. ಎಪಿಎಸ್-ಸಿ ಸೆನ್ಸರ್ ಇರೋ ಕ್ಯಾಮೆರಾಗೆ 85 ಎಂಎಂ ಲೆನ್ಸ್ ಹಾಕಿದರೆ, ಅಡ್ಡಲಾಗಿ ಹಿಡಿದಾಗ, 12 ಮೀಟರ್‌ನಿಂದ ಫ್ರೇಮಿನ ಎತ್ತರ ಸುಮಾರು 2.2 ಮೀಟರ್. ತಲೆಯಿಂದ ಗೆಜ್ಜೆವರೆಗೆ ಮಗಳು ಸರಿಯಾಗಿ ಕೂರ್ತಾಳೆ. 50 ಎಂಎಂ ಆದರೆ ಸುತ್ತ ಸ್ವಲ್ಪ ಜಾಗ ಉಳಿಯುತ್ತೆ, ಆದರೆ ಬೆಲೆ ಕಮ್ಮಿ.

ಅಂಗಡಿಯಲ್ಲಿ ಇದನ್ನು ಮೊದಲು ಹೇಳಲ್ಲ, ಮೆಗಾಪಿಕ್ಸೆಲ್ ಹೇಳ್ತಾರೆ. 4ಕೆ ಟಿವಿ ಪರದೆಯಲ್ಲಿ ಇರೋದೇ ಸುಮಾರು 83 ಲಕ್ಷ ಪಿಕ್ಸೆಲ್. ಮದುವೆ ಆಲ್ಬಮ್ಮಿನ 12×18 ಇಂಚಿನ ಪುಟಕ್ಕೂ 24 ಮೆಗಾಪಿಕ್ಸೆಲ್ ಧಾರಾಳ. ಆಮೇಲೆ "ಸ್ಟೆಬಿಲೈಸೇಷನ್ ಇದೆ" ಅಂತಾರೆ. ಒಳ್ಳೇದೇ, ಆದರೆ ಅದು ನಿಮ್ಮ ಕೈ ನಡುಕವನ್ನ ಸರಿ ಮಾಡುತ್ತೆ, ಕುಣಿಯೋ ಮಗುವನ್ನ ನಿಲ್ಲಿಸಲ್ಲ. ಮಿರರ್‌ಲೆಸ್‌ನ ಸದ್ದಿಲ್ಲದ ಶಟರ್ ಸಭಾಂಗಣಕ್ಕೆ ಚೆಂದ. ಆದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಫೋಟೋದಲ್ಲಿ ಪಟ್ಟಿಪಟ್ಟಿ ಬರುತ್ತೆ, ಆಗ ಮೆಕ್ಯಾನಿಕಲ್ ಶಟರ್ರೇ ಬೇಕು.

ಹಾಗಾಗಿ 60 ಸಾವಿರವನ್ನೂ ಕ್ಯಾಮೆರಾ ಒಂದಕ್ಕೇ ಸುರಿಯಬೇಡಿ, ಲೆನ್ಸಿಗೆ ಅಂತ ಮೊದಲೇ ಎತ್ತಿಡಿ. ದೆಹಲಿಯ ಚಾಂದನಿ ಚೌಕ್‌ನ ಕೂಚಾ ಚೌಧರಿಯಂಥ ಮಾರುಕಟ್ಟೆಗೆ ಹೋಗಿ ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಒಂದು ಎಚ್ಚರ: ನಿಕಾನ್ ಡಿ3500, ಡಿ5600ರ ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕೈಯಲ್ಲೇ ಫೋಕಸ್ ತಿರುಗಿಸ್ತಾ ಕೂರಬೇಕು. ನಿಮ್ಮದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ, ಅಂಗಡಿಯ ಕತ್ತಲೆ ಮೂಲೆಯಲ್ಲಿ ನಡೆದಾಡೋ ಜನರನ್ನ ತೆಗೆದು, ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿ. ಆಮೇಲೆ ದುಡ್ಡು ಕೊಡಿ.

ವರ್ಷಕ್ಕೆ ಒಂದೇ ಕಾರ್ಯಕ್ರಮ ಇದ್ದರೆ? ಆ ಲೆನ್ಸನ್ನು ಎರಡು ದಿನದ ಮಟ್ಟಿಗೆ ಬಾಡಿಗೆಗೆ ತನ್ನಿ. ಕಂತು ಕಟ್ಟೋ ತಲೆನೋವು ಇರಲ್ಲ.

ಒಂದು ಮಾತು ನೆನಪಿಡಿ. ಮುಂದಿನ ವರ್ಷ ಇದಕ್ಕಿಂತ ಒಳ್ಳೆ ಕ್ಯಾಮೆರಾ ಬಂದೇ ಬರುತ್ತೆ. ಆದರೆ ಮಗಳ ರಂಗಪ್ರವೇಶ ಇನ್ನೊಂದು ಸಲ ಬರಲ್ಲ. ಇವತ್ತು ರಾತ್ರಿ ಆ ಹತ್ತು ಫೋಟೋ ಆರಿಸಿ, ಅಂಗಡಿಗೆ ನಾಳೆ ಹೋದರಾಯ್ತು.