ಕೇಳುವ ಹೊತ್ತು ತಪ್ಪಿದರೆ



ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಮೂಡುವ ಅಂಕಿಗಳನ್ನು ನಂಬಿ ನಾವು ಹಣ ಕೊಡುತ್ತೇವೆ. ಒಳಗಿನ ಭಾಗಗಳೆಲ್ಲ ಸರಿಯಾಗಿದ್ದೂ ಆ ಅಂಕಿ ತಪ್ಪಾಗಲು ಸಾಧ್ಯ. ಒಂದು ಚಿಪ್ ಇನ್ನೊಂದರಿಂದ ಉತ್ತರ ಪಡೆಯುವ ಹೊತ್ತು ಕೆಟ್ಟರೆ ಸಾಕು. ಅದು ಹೇಗೆಂದು ಈಗ ನೋಡೋಣ.

ತಕ್ಕಡಿಯ ತಟ್ಟೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗಿ, ಕೆಲವೇ ಮಿಲಿವೋಲ್ಟ್‌ಗಳ ಸಂಕೇತ ಹೊರಡಿಸುತ್ತದೆ. ಈ ಕ್ಷೀಣ ಸಂಕೇತವನ್ನು ವರ್ಧಿಸಿ ಸಂಖ್ಯೆಯಾಗಿ ಮಾರ್ಪಡಿಸಲು ಒಂದು ಚಿಪ್ ಬೇಕು. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಧಾರಾಳವಾಗಿ ಬಳಸುವ ಎಚ್‌ಎಕ್ಸ್711 ಅಂಥದೊಂದು. ಅದು ಸಂಕೇತವನ್ನು 128 ಪಟ್ಟು ವರ್ಧಿಸಿ, ಸೆಕೆಂಡಿಗೆ 10 ಅಥವಾ 80 ಸಲ 24 ಬಿಟ್‌ಗಳ ಸಂಖ್ಯೆಯನ್ನು ಸಿದ್ಧಪಡಿಸುತ್ತದೆ.

ಆ ಸಂಖ್ಯೆಯನ್ನು ಓದಿ ಗ್ರಾಮುಗಳಲ್ಲಿ ತೋರಿಸುವುದು ಮೈಕ್ರೋಕಂಟ್ರೋಲರ್‌ನ ಕೆಲಸ. ಇವೆರಡರ ನಡುವೆ ಸಂಭಾಷಣೆ ನಡೆಯುವುದು ಎರಡೇ ತಂತಿಗಳಲ್ಲಿ: ಒಂದು ದತ್ತಾಂಶದ್ದು, ಇನ್ನೊಂದು ಗಡಿಯಾರದ್ದು. ದತ್ತಾಂಶದ ತಂತಿ ಕೆಳಮಟ್ಟಕ್ಕೆ ಇಳಿದರೆ ಸಂಖ್ಯೆ ಸಿದ್ಧವೆಂದು ಅರ್ಥ. ಆಗ ಮೈಕ್ರೋಕಂಟ್ರೋಲರ್ ಗಡಿಯಾರದ ತಂತಿಯಲ್ಲಿ ಒಂದೊಂದೇ ಸ್ಪಂದ ಕಳುಹಿಸುತ್ತದೆ. ಸ್ಪಂದ ಮೇಲೇರಿದಾಗಲೆಲ್ಲ ಒಂದು ಬಿಟ್ ಹೊರಬರುತ್ತದೆ, ದೊಡ್ಡ ಸ್ಥಾನಬೆಲೆಯದು ಮೊದಲು. ಕೊನೆಗೆ 25ನೆಯ ಸ್ಪಂದ ಕೊಟ್ಟರೆ ಮುಂದಿನ ಅಳತೆಗೂ ಅದೇ 128 ಪಟ್ಟು ವರ್ಧನೆ. ತಪ್ಪಿ 27 ಸ್ಪಂದ ಕೊಟ್ಟರೆ ಅದು 64 ಪಟ್ಟಿಗೆ ಇಳಿಯುತ್ತದೆ!

ಇಲ್ಲಿ ಎರಡು ಅಪಾಯಗಳಿವೆ. ಸ್ಪಂದ ಏರಿದ ಮೇಲೆ ಹೊಸ ಬಿಟ್ ತಂತಿಗೆ ಬರಲು 0.1 ಮೈಕ್ರೋಸೆಕೆಂಡ್‌ವರೆಗೆ ಹಿಡಿಯಬಹುದು. ಅದಕ್ಕೆ ಮುನ್ನವೇ ಓದಿದರೆ, ‘ಸಿದ್ಧ’ ಎಂಬ ಸೂಚನೆಯೇ ಮೊದಲ ಬಿಟ್ ಆಗಿ, ಸೊನ್ನೆಯಾಗಿ, ದಾಖಲಾಗುತ್ತದೆ. ಉಳಿದವು ಒಂದು ಸ್ಥಾನ ಹಿಂದೆ ಸರಿದು ಕೊನೆಯ ಬಿಟ್ ಬಿದ್ದುಹೋಗುತ್ತದೆ. 250ರ ಮುಂದೆ ಸೊನ್ನೆ ಸೇರಿಸಿ ಮೂರೇ ಅಂಕಿ ಓದಿದರೆ 025 ಆಗುವುದಿಲ್ಲವೇ? ದಶಮಾನದಲ್ಲಿ ಹತ್ತನೆಯ ಒಂದು ಭಾಗ, ದ್ವಿಮಾನದಲ್ಲಿ ಅರ್ಧ. 1000 ಇದ್ದದ್ದು 500 ಆಗುತ್ತದೆ.

ಗೊತ್ತಿರುವ ತೂಕವಿಟ್ಟು ತಕ್ಕಡಿಯನ್ನು ಹೊಂದಿಸುವಾಗ ಈ ದೋಷ ಮುಚ್ಚಿಹೋಗಬಹುದು, ಏಕೆಂದರೆ ಎಲ್ಲವೂ ಸಮನಾಗಿ ಅರ್ಧವಾಗಿರುತ್ತದೆ. ಆದರೆ ಋಣಸಂಖ್ಯೆ ಬಂದೊಡನೆ ಗುಟ್ಟು ರಟ್ಟಾಗುತ್ತದೆ. ಋಣಸಂಖ್ಯೆಯ ಮೊದಲ ಬಿಟ್ 1. ಆ ಜಾಗದಲ್ಲಿ ಸೊನ್ನೆ ಕುಳಿತರೆ ಅದು ಭಾರಿ ಧನಸಂಖ್ಯೆಯಾಗಿಬಿಡುತ್ತದೆ.

ಎರಡನೆಯ ಅಪಾಯ ವಿಳಂಬದ್ದು. ಗಡಿಯಾರದ ತಂತಿ 60 ಮೈಕ್ರೋಸೆಕೆಂಡ್‌ಗಿಂತ ಹೆಚ್ಚು ಕಾಲ ಮೇಲ್ಮಟ್ಟದಲ್ಲೇ ಉಳಿದರೆ ಎಚ್‌ಎಕ್ಸ್711 ತನ್ನ ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಸ್ಪಂದ ಮೇಲಿರುವಾಗಲೇ ಯಾರೋ ಗುಂಡಿ ಒತ್ತಿದರೆನ್ನಿ. ಮೈಕ್ರೋಕಂಟ್ರೋಲರ್ ಓದುವುದನ್ನು ಬಿಟ್ಟು ಆ ಕೆಲಸಕ್ಕೆ ಹೋಗುತ್ತದೆ. ಮರಳಿ ಬರುವಷ್ಟರಲ್ಲಿ ಸಂಖ್ಯೆ ಅರ್ಧಕ್ಕೇ ತುಂಡಾಗಿರುತ್ತದೆ. ಯಾವಾಗಲೋ ಒಮ್ಮೆ ಕಾಣಿಸಿಕೊಳ್ಳುವ ಈ ದೋಷವನ್ನು ಹಿಡಿಯುವುದೇ ಅತ್ಯಂತ ಕಷ್ಟ.

ಪರಿಹಾರ ಸರಳ. ಸ್ಪಂದವನ್ನು ಸುಮಾರು 1 ಮೈಕ್ರೋಸೆಕೆಂಡ್ ಮೇಲಿಟ್ಟು, ಬಿಟ್ ನೆಲೆಗೊಂಡ ಮೇಲೆ ಓದಬೇಕು. ಅಷ್ಟು ಹೊತ್ತು ಬೇರೆ ಯಾವ ಕೆಲಸವೂ ನಡುವೆ ಬಾರದಂತೆ ಪ್ರೋಗ್ರಾಮಿನಲ್ಲಿ ತಡೆಯಬೇಕು. ಸ್ಪಂದಗಳನ್ನು ಎಣಿಸಿ 25ಕ್ಕೆ ನಿಲ್ಲಿಸಬೇಕು.

ನಿಮ್ಮ ಪ್ರಯೋಗಾಲಯದ ಆಸಿಲೋಸ್ಕೋಪಿನಲ್ಲಿ ಎರಡೂ ತಂತಿಗಳನ್ನು ಒಟ್ಟಿಗೆ ನೋಡಿ. ತಟ್ಟೆಯನ್ನು ಮೆಲ್ಲನೆ ಮೇಲಕ್ಕೆತ್ತಿ ಋಣಸಂಖ್ಯೆ ಬರಿಸಿ. ಗುಂಡಿಗಳನ್ನು ಮತ್ತೆ ಮತ್ತೆ ಒತ್ತುತ್ತಾ ಓದಿಸಿ. ಒಂದು ಸಲ ಸರಿ ಬಂದದ್ದನ್ನೇ ನಂಬಬೇಡಿ. ತಪ್ಪು ಅಂಕಿಯೂ ಸರಿಯಾದ ಅಂಕಿಯಷ್ಟೇ ಸ್ಪಷ್ಟವಾಗಿ ಹೊಳೆಯುತ್ತದೆ. ಎದುರಿಗೆ ನಿಂತು ಹಣ ಕೊಡುವವರಿಗೆ ಅದರ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದವರು, ತಕ್ಕಡಿಯನ್ನು ಕಟ್ಟುವ ನೀವು.