ಮನೆಯ ಚೆಕ್ಕುಬಂದಿ

ಹೊಸಹಳ್ಳಿಯವನಾದ ನಾನು ಹೊಸಪೇಟೆಯಲ್ಲಿ ಮನೆ ಕೊಳ್ಳಹೊರಟೆ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮೊದಲಾದಂದಿನಿಂದ ನಾಲ್ಕಾರು ಭಾಷೆಯವರು ಬಂದು ನೆಲೆಸಿದ ಊರದು. ಮೊದಲು ನೋಡಿದ ಮನೆಯನ್ನು, ನೆರೆಯವರ ಕುಲ ಕೇಳಿ, ಬಿಟ್ಟುಬಂದೆ. ಜೈನರಿಗೂ ವೈಷ್ಣವರಿಗೂ ಭೇದವಿಲ್ಲವೆಂದು ಬುಕ್ಕರಾಯನು 1368ರಲ್ಲಿ ಬರೆಸಿದ ಶಾಸನವನ್ನು ವರ್ಷವರ್ಷವೂ ಪಾಠ ಹೇಳುವ ಪಂಡಿತ ನಾನು!

ಎರಡನೆಯ ಮನೆಯ ಖರೀದಿಪತ್ರ ಓದಿದೆ. ಚೆಕ್ಕುಬಂದಿ ಹೀಗಿತ್ತು: ಮೂಡಲಿಗೆ ತೆಲುಗು ಮೇಸ್ತ್ರಿಯ ಮನೆ, ತೆಂಕಲಿಗೆ ಸಾಹೇಬರ ಹಿತ್ತಿಲು, ಪಡುವಲಿಗೆ ತಮಿಳು ಅಮ್ಮನವರ ಗೋಡೆ, ಬಡಗಲಿಗೆ ಬೀದಿ. ನೆರೆಯವರ ಹೆಸರಿಲ್ಲದೆ ನನ್ನ ಮನೆಗೆ ಎಲ್ಲೆಯೇ ಇಲ್ಲವೆಂಬುದು ಆಗ ಹೊಳೆಯಿತು. ರುಜು ಹಾಕಿದೆ.

ಮನೆ ಕೊಳ್ಳುವವರು ಋಣಭಾರ ಪತ್ರ ತೆಗೆಸಿ ನೋಡಿರಿ. ನೆರೆಯವರ ಕುಲ ಕೇಳಬೇಡಿರಿ. ಆ ಮೊದಲ ಮನೆಯ ನೆರೆಯವರು ಈಗಲೂ ದಾರಿಯಲ್ಲಿ ನಮಸ್ಕರಿಸುತ್ತಾರೆ. ತಲೆ ತಗ್ಗಿಸುವವನು ನಾನೇ.