ಕಾಲು ಚಾಚುವ ಬೆಲೆ

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿಯ ರೈಲಿನಲ್ಲಿ ಹೊರಟ ಬಡವನಿಗೂ ನಮ್ಮ ದೇಶದಲ್ಲಿ ಒಂದು ಹಲಗೆ ದೊರೆಯುತ್ತದೆ. ಸ್ಲೀಪರ್ ಟಿಕೆಟ್ಟಿನ ಹಣ ತೆತ್ತರೆ ಸಾಕು, ಅವನು ಕಾಲು ಚಾಚಿ ಮಲಗಬಹುದು. ಆ ಮರದ ಹಲಗೆಗೆ ಎರಡು ಅಂಗುಲದ ಮೆತ್ತೆ ಬರುವಂತೆ ಮಾಡಿದವರು 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಮಧು ದಂಡವತೆಯವರು. ಆದರೆ ಅದೇ ಮನುಷ್ಯ ಆಕಾಶಕ್ಕೇರಿದನೋ, ಮಲಗುವುದೆಂಬುದು ರಾಜಭೋಗವಾಗಿಬಿಡುತ್ತದೆ. ಹದಿನಾಲ್ಕು ಗಂಟೆಗಳ ಪಯಣದಲ್ಲಿ ಬೆನ್ನು ನೀಡಬೇಕಾದರೆ ಸಾಮಾನ್ಯ ದರದ ಮೂರು ಪಟ್ಟೋ ನಾಲ್ಕು ಪಟ್ಟೋ ತೆರಬೇಕು. ಸರ್ಕಾರದ ಎಣಿಕೆಯೂ ಹೀಗೆಯೇ ಇದೆ. ಹವಾನಿಯಂತ್ರಣವಿಲ್ಲದ ಸ್ಲೀಪರ್ ಡಬ್ಬಿಗೆ ಜಿ.ಎಸ್.ಟಿ. ಇಲ್ಲ, ವಿಮಾನದಲ್ಲಿ ಕುಳಿತು ಹೋಗುವವನಿಗೆ ನೂರಕ್ಕೆ 5, ಬಿಸಿನೆಸ್ ಕ್ಲಾಸಿನಲ್ಲಿ ಮಲಗಿ ಹೋಗುವವನಿಗೆ 2025ರ ಸೆಪ್ಟೆಂಬರಿನಿಂದ ನೂರಕ್ಕೆ 18.

ನಿವೃತ್ತಿವೇತನದಲ್ಲಿ ಬದುಕುವ ಮೇಷ್ಟರಿಗೆ ಬಿಸಿನೆಸ್ ಕ್ಲಾಸಿನ ಮಾತೇಕೆ ಎಂದು ತಾವು ಕೇಳಬಹುದು. ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ನಮ್ಮಂಥ ತಂದೆತಾಯಂದಿರು ಈಗ ಜಯನಗರದಲ್ಲಿ, ಮೈಸೂರಿನಲ್ಲಿ, ಶಿವಮೊಗ್ಗದಲ್ಲಿ ಬೀದಿಗೆ ಇಬ್ಬರಾದರೂ ಇದ್ದಾರೆ. ಅವರ ಪಾಲಿಗೆ ಇದು ಷೋಕಿಯ ವಿಷಯವಲ್ಲ; ಮೊಮ್ಮಗುವನ್ನು ಎತ್ತಿಕೊಳ್ಳುವುದೋ, ಫೋನಿನ ಗಾಜಿನಲ್ಲಿ ನೋಡಿ ತೃಪ್ತರಾಗುವುದೋ ಎಂಬ ವಿಷಯ. ಎರಡು ಮಂಡಿಗಳಿಗೂ ಶಸ್ತ್ರಚಿಕಿತ್ಸೆಯಾದ ಬಳಿಕ ನನ್ನ ಹೆಂಡತಿ, "ಆ ಕುರ್ಚಿಯಲ್ಲಿ ಮುದುರಿಕೊಂಡು ಕೂರುವುದು ಇನ್ನು ನನ್ನಿಂದಾಗದು, ನೀವೊಬ್ಬರೇ ಹೋಗಿಬನ್ನಿ" ಎಂದುಬಿಟ್ಟಳು. ಅಂದಿನಿಂದ ನಾನು ಈ ಶಾಸ್ತ್ರಕ್ಕೆ ವಿದ್ಯಾರ್ಥಿಯಾದೆ. ಛಂದಸ್ಸನ್ನು ಪಾಠ ಹೇಳಿದವನಿಗೂ ಇದು ಕಠಿಣವೇ. ಷಟ್ಪದಿಗೆ ಮಾತ್ರೆಗಳ ಲೆಕ್ಕವಾದರೂ ಉಂಟು, ಇಲ್ಲಿ ಬೆಳಿಗ್ಗೆ ಕಂಡ ದರ ಸಂಜೆಗಿಲ್ಲ.

ಈ ವರ್ಗ ಹುಟ್ಟಿದ್ದು ಮಂಡಿನೋವಿನವರಿಗಾಗಿ ಅಲ್ಲ. 1970ರ ದಶಕದಲ್ಲಿ ರಿಯಾಯಿತಿಯ ಟಿಕೆಟ್ಟುಗಳು ಹೆಚ್ಚಿದಾಗ, ಪೂರ್ಣ ದರ ಕೊಟ್ಟು ಬರುತ್ತಿದ್ದ ವ್ಯವಹಾರಸ್ಥರು ಅಗ್ಗದ ದರದ ಪ್ರವಾಸಿಗಳ ಮಗ್ಗುಲಲ್ಲೇ ಕೂರಬೇಕಾಗಿ ಬಂತು. ಅವರ ಗೊಣಗಾಟವನ್ನು ಅಡಗಿಸಲು ನಡುವೆ ಒಂದು ಪರದೆ ಇಳಿಬಿತ್ತು. ಅಮೆರಿಕದ ಪ್ಯಾನ್ ಆಮ್ ಸಂಸ್ಥೆ 1978ರಲ್ಲಿ ಅದನ್ನು 'ಕ್ಲಿಪ್ಪರ್ ಕ್ಲಾಸ್' ಎಂದು ಕರೆಯಿತು. ಆಸ್ಟ್ರೇಲಿಯದ ಕ್ವಾಂಟಾಸ್ 1979ರಲ್ಲಿ 'ಬಿಸಿನೆಸ್ ಕ್ಲಾಸ್' ಎಂದಿತು. ಆಗ ಪರದೆಯ ಆಚೆಗೆ ಇದ್ದದ್ದು ತುಸು ಹೆಚ್ಚಿನ ಜಾಗ, ತುಸು ಹೆಚ್ಚಿನ ಉಪಚಾರ, ಅಷ್ಟೆ. ಪೂರ್ತಿ ಚಪ್ಪಟೆಯಾಗುವ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್ ಈ ವರ್ಗಕ್ಕೆ ತಂದದ್ದು 2000ದಲ್ಲಿ. ಹೆಸರೇ ಹೇಳುವಂತೆ ಅದರ ಬೆಲೆ ಕಟ್ಟಿದ್ದು ಕಂಪನಿಯ ಖರ್ಚಿನಲ್ಲಿ ಹಾರುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಮಲಗುವವನು ಒಬ್ಬ, ಹಣ ಕೊಡುವವನು ಇನ್ನೊಬ್ಬ. ಹಾಗಿದ್ದಲ್ಲಿ ಚೌಕಾಸಿ ಮಾಡುವವರು ಯಾರು? ಮೂವತ್ತರ ಹರೆಯದಲ್ಲಿ ಬೇಡದ ಹಾಸಿಗೆ ಪುಕ್ಕಟೆಯಾಗಿ ಸಿಕ್ಕುತ್ತದೆ, ಎಪ್ಪತ್ತರ ಅಂಚಿನಲ್ಲಿ ಬೇಕಾದಾಗ ಸ್ವಂತ ಗಂಟಿನಿಂದ ತೆರಬೇಕಾಗುತ್ತದೆ.

ಆದರೂ ಬಾಗಿಲುಗಳು ಪೂರ್ತಿ ಮುಚ್ಚಿಲ್ಲ. ಖಾಲಿ ಆಸನವೆಂಬುದು ಗಾಂಧಿಬಜಾರಿನ ಸೊಪ್ಪಿನ ಹಾಗೆ. ಸಂಜೆಯಾದರೆ ಬಾಡುತ್ತದೆ, ವಿಮಾನ ಹಾರಿದ ಮೇಲೆ ಅದಕ್ಕೆ ಕಾಸಿನ ಬೆಲೆಯೂ ಇಲ್ಲ. ಆದ್ದರಿಂದ ಸಾಮಾನ್ಯ ಟಿಕೆಟ್ಟು ಕೊಂಡವರಿಂದಲೇ, ಮೇಲಿನ ವರ್ಗಕ್ಕೆ ಎಷ್ಟು ಕೊಡುತ್ತೀರಿ ಎಂದು ಹಲವು ಸಂಸ್ಥೆಗಳು ಹರಾಜಿನಂತೆ ಕೇಳುತ್ತವೆ. ಒಪ್ಪಿದರೆ ಹಾಸಿಗೆ, ಒಪ್ಪದಿದ್ದರೆ ನಮ್ಮ ಹಣ ನಮ್ಮಲ್ಲೇ. ಇನ್ನೊಂದು ದಾರಿ ಮೈಲಿಗಳದು. ಮತ್ತೆ ಮತ್ತೆ ಹಾರುವ ಗಿರಾಕಿಗೆ ಮೈಲಿಯ ಲೆಕ್ಕದಲ್ಲಿ ಬಹುಮಾನ ಕೊಡುವ ಪದ್ಧತಿಯನ್ನು ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ದೊಡ್ಡದಾಗಿ ಆರಂಭಿಸಿತು. ಈಗ ಕ್ರೆಡಿಟ್ ಕಾರ್ಡಿನ ಖರ್ಚೂ ಮೈಲಿಯಾಗುತ್ತದೆ. ಆದರೆ ಮೈಲಿಗಳಿಗಾಗಿಯೇ ಖರ್ಚು ಮಾಡುವವರನ್ನು ಕಂಡರೆ, ಅಚ್ಚು ಬೆಲ್ಲ ಬಿಟ್ಟಿ ಬರುತ್ತದೆಂದು ಎರಡು ಮೂಟೆ ಅಕ್ಕಿ ತಂದವನ ನೆನಪಾಗುತ್ತದೆ. ಮೈಲಿ ಉಪ್ಪಿನಕಾಯಿಯಂತೆ ಕೂಡಿಡುವ ಪದಾರ್ಥವೂ ಅಲ್ಲ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಾಗ ಅದರ ಮೈಲಿಗಳನ್ನು ಜೋಪಾನ ಮಾಡಿದ್ದವರಿಗೆ ಏರಲು ವಿಮಾನವೇ ಇಲ್ಲವಾಯಿತು.

ಎಲ್ಲಕ್ಕಿಂತ ಉಪಯುಕ್ತವಾದದ್ದು ಬೇರೊಂದು ವಿಚಾರ: ಹಾಸಿಗೆ ದಾರಿಯುದ್ದಕ್ಕೂ ಬೇಕಾಗಿಲ್ಲ. ಮಗಳಿರುವುದು ನ್ಯೂಜೆರ್ಸಿಯಲ್ಲಿ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ. ಮೈಸೂರಿನ ಬಸ್ಸಿನಲ್ಲಿ ಕೂತಂತೆ ಕೂತರಾಯಿತು. ಅಲ್ಲಿಂದ ನ್ಯೂಯಾರ್ಕಿಗೆ ಸುಮಾರು ಹದಿನಾಲ್ಕು ಗಂಟೆ. ಮಂಡಿಗಳು ಅಳುವುದು ಅಲ್ಲಿ. ಆ ಒಂದು ಭಾಗವನ್ನಷ್ಟೇ ಮೇಲಿನ ವರ್ಗಕ್ಕೆ ಏರಿಸಿಕೊಳ್ಳಬಹುದು. ತೀರ ಅಗ್ಗದ ಟಿಕೆಟ್ಟುಗಳಿಗೆ ಈ ಸೌಲಭ್ಯವಿಲ್ಲದಿರಬಹುದಾದ್ದರಿಂದ ಕೊಳ್ಳುವ ಮೊದಲೇ ವಿಚಾರಿಸಬೇಕು. ವಿಮಾನ ಯಾವುದೆಂದೂ ಕೇಳಬೇಕು. ಕೆಲವು ಹಳೆಯ ವಿಮಾನಗಳಲ್ಲಿ ಆಸನ ಇಳಿಜಾರಾಗಿ ನಿಂತುಬಿಡುತ್ತದೆ, ಮಲಗಿದವರು ರಾತ್ರಿಯಿಡೀ ಕೆಳಕ್ಕೆ ಜಾರುತ್ತಿರುತ್ತಾರೆ.

ಮಗಳ ಖಾತೆಯಲ್ಲಿದ್ದ ಮೈಲಿಗಳು ಒಬ್ಬರಿಗೆ ಸಾಕಾಗುವಷ್ಟಿದ್ದವು. "ಅಮ್ಮ ಮುಂದೆ ಮಲಗಲಿ, ಅಪ್ಪಾ, ನೀವು ಹಿಂದೆ ಕೂತಿರಿ" ಎಂದು ಅವಳು ತೀರ್ಪಿತ್ತಳು. ನಲವತ್ತು ವರ್ಷಗಳ ಸಂಸಾರದಲ್ಲಿ ನಮ್ಮಿಬ್ಬರಿಗೂ ಬೇರೆ ಬೇರೆ ವರ್ಗವಾದದ್ದು ಅದೇ ಮೊದಲು. ಪರದೆ ದಾಟಿ ನಾನು ಹೋಗುವಂತಿಲ್ಲ, ಅವಳು ಬರಬಹುದು. ಏಳೆಂಟು ಗಂಟೆ ಕಳೆದ ಮೇಲೆ, ನಿದ್ದೆ ತಿಳಿದೆದ್ದ ಮುಖದಲ್ಲಿ, ಕೈಯಲ್ಲೊಂದು ಚಾಕೊಲೇಟು ಹಿಡಿದು ಬಂದಳು. ನನ್ನನ್ನೂ ಮುಂದಿನ ಆಸನವನ್ನೂ ಒಮ್ಮೆ ನೋಡಿ, "ಅಲ್ಲಾ ರೀ, ಕಾಲನ್ನು ಎಲ್ಲಿ ಇಟ್ಟುಕೊಂಡಿದ್ದೀರಿ?" ಎಂದಳು. ಇಳಿದಾಗ ಗಾಲಿಕುರ್ಚಿ ಬೇಡವೆಂದು ತಾನೇ ನಡೆದಳು. ಗಾಲಿಕುರ್ಚಿಯತ್ತ ಆಸೆಯಿಂದ ನೋಡಿದವನು ನಾನು.

ಹಾಗೆಂದು ಹಾಸಿಗೆಯನ್ನು ಔಷಧವೆಂದು ತಿಳಿಯಬೇಕಾಗಿಲ್ಲ. ನಾಲ್ಕು ಗಂಟೆಗೂ ಮೀರಿ ಅಲುಗದೆ ಕುಳಿತವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆದರೂ ಅದು ಚಿಕ್ಕ ಅಪಾಯವೇ, ರೈಲು ಬಸ್ಸುಗಳಿಗೂ ಅನ್ವಯಿಸುವಂಥದು. ದೋಷ ಕುರ್ಚಿಯ ವರ್ಗದ್ದಲ್ಲ, ಅಲುಗದಿರುವುದರದು. ಓಣಿಯ ಪಕ್ಕದ ಆಸನ ಕೇಳಿ ಪಡೆದು, ಗಂಟೆಗೊಮ್ಮೆ ಎದ್ದು ನಡೆದು, ಹಿಮ್ಮಡಿ ಎತ್ತಿ ಇಳಿಸುತ್ತಿದ್ದರೆ ಬಹುಪಾಲು ಜನರಿಗೆ ಸಾಕು. ಶಸ್ತ್ರಚಿಕಿತ್ಸೆಯಾದವರು ಮಾತ್ರ ವೈದ್ಯರನ್ನು ಕೇಳಿಯೇ ಹೊರಡಬೇಕು.

ಮರಳುವಾಗ ನಮ್ಮಲ್ಲಿ ಮೈಲಿಗಳೂ ಇರಲಿಲ್ಲ, ಹರಾಜಿನಲ್ಲಿ ನಾವು ಕೂಗಿದ ಬೆಲೆ ಗಿಟ್ಟಲೂ ಇಲ್ಲ. ಓಣಿಯ ಪಕ್ಕದ ಎರಡು ಆಸನ ಹಿಡಿದು, ಸರದಿಯ ಮೇಲೆ ನಡೆದಾಡುತ್ತ ದುಬೈ ಮುಟ್ಟಿದೆವು. ಅಲ್ಲಿ ಮುಂದಿನ ವಿಮಾನವನ್ನು ಬೇಕೆಂದೇ ಹತ್ತು ಗಂಟೆ ತಡವಾಗಿ ಆರಿಸಿಕೊಂಡಿದ್ದೆವು. ದುಬೈ, ದೋಹಾ, ಸಿಂಗಪುರದಂಥ ನಿಲ್ದಾಣಗಳಲ್ಲಿ ಹೊರಗೆ ಕಾಲಿಡದೆಯೇ ಗಂಟೆಯ ಲೆಕ್ಕದಲ್ಲಿ ಕೋಣೆ ದೊರೆಯುತ್ತದೆ. ಆಕಾಶದ ಒಂದು ಹಾಸಿಗೆಗೆ ಕೊಡುವ ಹಣದ ಅಲ್ಪಭಾಗದಲ್ಲಿ ನೆಲದ ಮೇಲೆ ಇಬ್ಬರಿಗೂ ಹಾಸಿಗೆ, ಬಿಸಿನೀರು. ಕೋಣೆಯನ್ನು ಮುಂಚಿತವಾಗಿ ಕಾದಿರಿಸಬೇಕು. ದೊಡ್ಡ ಪೆಟ್ಟಿಗೆಗಳು ನೇರವಾಗಿ ಬೆಂಗಳೂರಿಗೇ ಹೋಗುವುದರಿಂದ, ಮಾತ್ರೆಗಳನ್ನೂ ಒಂದು ಜೊತೆ ಬಟ್ಟೆಯನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು.